ಮ್ಯಾಟಡಾರ್ ಕ್ಯಾಂಪರ್ ಶೆಡ್ಡಿನೊಳಗೆ ಹೋಗ್ತಿಲ್ಲ, 3 ಇಂಚು ಎತ್ತರ ಜಾಸ್ತಿ. ಮಳೆ ಹಿಡಿಯೋದ್ರೊಳಗೆ ದಾರಿ ಇದ್ಯಾ?

ಕಣದಮನೆ (ಸುಂಟಿಕೊಪ್ಪ)
ಏಪ್ರಿಲ್ 11

ಎಲ್ರಿಗೂ ನಮಸ್ಕಾರ. ನಮ್ಮದು ಕೊಡಗಿನ ಸುಂಟಿಕೊಪ್ಪ ಹತ್ರ ಸಣ್ಣ ಕಾಫಿ ತೋಟ. ಮನೇಲಿ 1988ರ ಮ್ಯಾಟಡಾರ್ ವ್ಯಾನ್ ಒಂದಿದೆ, ಚಿಕ್ಕಪ್ಪ ತಗೊಂಡಿದ್ದು, ಮೊದಲೆಲ್ಲಾ ಅದ್ರಲ್ಲೇ ಆಳುಗಳು, ಗೊಬ್ಬರ, ಮೆಣಸಿನ ಮೂಟೆ ಓಡಾಡ್ತಿತ್ತು, ಆಮೇಲೆ ಪಿಕಪ್ ಬಂತು, ಇದು ಮೂಲೆಗೆ ಬಿತ್ತು. ಅದನ್ನ ಗುಜರಿಗೆ ಹಾಕೋಕೆ ಚಿಕ್ಕಪ್ಪನಿಗೆ ಮನಸ್ಸು ಬರ್ಲಿಲ್ಲ, 2011ರಲ್ಲಿ ಒಳಗೆ ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ಮೇಲೆ ಎತ್ತಿ ತೆಗೆಯೋ ಫೈಬರ್ ಚಾವಣಿ (ಪಾಪ್‌ಟಾಪ್) ಎಲ್ಲಾ ಮಾಡ್ಸಿ, ಆರ್‌ಸಿಲೂ ಎಂಟ್ರಿ ಮಾಡ್ಸಿ ಕ್ಯಾಂಪರ್ ಮಾಡಿದ್ರು. ಎರಡು ವರ್ಷದ ಹಿಂದೆ ಅವ್ರು ಹೋಗ್ಬಿಟ್ರು, ಈಗ ಗಾಡಿ ನನ್ನ ಕೈಲಿದೆ, ಅವ್ರು ನೋಡ್ಕೊಂಡಷ್ಟೇ ಚೆನ್ನಾಗಿ ನೋಡ್ಕೋಬೇಕು ಅನ್ನೋದು ನನ್ನ ಆಸೆ.

ಸಮಸ್ಯೆ ಏನಂದ್ರೆ ಶೆಡ್ಡು. ಅಜ್ಜನ ಕಾಲದ್ದು, ಕಲ್ಲಿನ ಗೋಡೆ, ಮಂಗಳೂರು ಹೆಂಚು, ಒಳಗೆ 24 ಅಡಿ ಉದ್ದ 18 ಅಡಿ ಅಗಲ. ಆವಾಗ ಅದು ಜೀಪಿಗೆ ಅಂತ ಕಟ್ಟಿದ್ದು. ಉದ್ದದ ಗೋಡೆಗೆ, ರಸ್ತೆ ಕಡೆಗೆ, ಆಮೇಲೆ ಶಟರ್ ಹಾಕ್ಸಿದಾರೆ. ಬಾಗಿಲಿನ ಎತ್ತರ ಲಿಂಟಲ್ ಕೆಳಗೆ 7 ಅಡಿ 5 ಇಂಚು. ಗಾಡಿ ಪಾಪ್‌ಟಾಪ್ ಮುಚ್ಚಿದಾಗ 7 ಅಡಿ 8 ಇಂಚು. ಬರೀ 3 ಇಂಚು ನೋಡಿ, ಅಷ್ಟಕ್ಕೇ ಹೊರಗೆ ನಿಂತಿದೆ.

ಹೋದ ಮಳೆಗಾಲ ಪೂರ್ತಿ ಟಾರ್ಪಲ್ ಹೊದಿಸಿ ಅಂಗಳದಲ್ಲೇ ಇಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್‌ಗೆ (ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ) ಅಂತ ತೊಳೆಯೋಕೆ ಟಾರ್ಪಲ್ ತೆಗೆದು ನೋಡಿದ್ರೆ ಮೇಲಿನ ನೀರು ಹೋಗೋ ಕಾಲುವೆ ಅಂಚೆಲ್ಲಾ ತುಕ್ಕು, ಪಾಪ್‌ಟಾಪಿನ ಕ್ಯಾನ್ವಾಸ್ ತುಂಬಾ ಬೂಸ್ಟು, ಒಳಗೆ ಕಾಲಿಡೋಕೆ ಆಗ್ತಿರ್ಲಿಲ್ಲ ವಾಸನೆ. ನಿಜವಾಗ್ಲೂ ಅವತ್ತು ಬೇಜಾರಾಯ್ತು. ಈ ಸಲ ಹಾಗಾಗ್ಬಾರ್ದು.

ನೆಲ ಅಗೆದು ತಗ್ಗಿಸ್ಬೇಕಾ, ಲಿಂಟಲ್ ಒಡೆದು ಎತ್ತರಿಸ್ಬೇಕಾ, ಇಲ್ಲ ಗಾಡಿನೇ ಸ್ವಲ್ಪ ತಗ್ಗಿಸೋ ಉಪಾಯ ಇದ್ಯಾ? ಇನ್ನೊಂದು ಹೇಳೋದು ಮರ್ತೆ, ರಸ್ತೆಯಿಂದ ಶೆಡ್ಡಿಗೆ ಇಳಿಜಾರು, ಬಾಗಿಲ ಹತ್ರ ಬಂದ್ಮೇಲೆ ನೆಲ ಸಮ. ಜೂನ್ ಮೊದಲ ವಾರ ಮಳೆ ಹಿಡಿದ್ರೆ ಆಮೇಲೆ ಕೆಲಸ ಮಾಡ್ಸೋಕೆ ಆಗಲ್ಲ, ನಿಮಗೇ ಗೊತ್ತು.

ಸ್ಪ್ಯಾನರ್ (ಗೋಣಿಕೊಪ್ಪ)
ಏಪ್ರಿಲ್ 11

ಅಣ್ಣ, 3 ಇಂಚಿಗೆ ಗೋಡೆ ಒಡೆಯೋ ಯೋಚನೆ ಯಾಕೆ. ಮೊದಲು ಗಾಡಿ ಮೇಲೆ ಏನೇನಿದೆ ನೋಡಿ. ಫ್ಯಾನ್ ಡೂಮ್ (ಚಾವಣಿ ಫ್ಯಾನಿನ ಮುಚ್ಚಳ) ಇದ್ರೆ ನಾಲ್ಕು ಸ್ಕ್ರೂ ಬಿಚ್ಚಿದ್ರೆ ಆಯ್ತು, ಒಂದೂವರೆ ಇಂಚು ಅಲ್ಲೇ ಸಿಗುತ್ತೆ. ಕ್ಯಾರಿಯರ್, ಆಂಟೆನಾ, ಸೋಲಾರ್ ಪ್ಯಾನಲ್ ಏನಿದ್ರೂ ಇಳಿಸಿ. ಆಮೇಲೆ ನಾಲ್ಕೂ ಟೈರಿನ ಗಾಳಿ 15 ಪೌಂಡಿಗೆ ಇಳಿಸಿದ್ರೆ ಒಂದು ಇಂಚು ಕೂರುತ್ತೆ. ಅದಕ್ಕಿಂತ ಕೆಳಗೆ ಹೋಗ್ಬೇಡಿ, ತಿರುಗಿಸುವಾಗ ಟೈರ್ ರಿಮ್ಮಿಂದ ಕಿತ್ಕೊಂಡು ಬರುತ್ತೆ. ಒಳಗೆ ಹೋದ ತಕ್ಷಣ ಕಂಪ್ರೆಸರ್‌ನಿಂದ ಗಾಳಿ ತುಂಬ್ಬಿಡಿ, ಕಮ್ಮಿ ಗಾಳಿಲಿ ನಾಲ್ಕು ತಿಂಗಳು ನಿಂತ್ರೆ ಸೈಡ್‌ವಾಲ್ ಸೀಳುತ್ತೆ, ಆಮೇಲೆ ಆ ಟೈರು ರಸ್ತೆಗೆ ಇಳಿಸೋಕೆ ಬರಲ್ಲ.

ಇನ್ನೂ ಬೇಕು ಅಂದ್ರೆ ಒಳಗೆ ತೂಕ ಹಾಕಿ. ತೋಟದಲ್ಲಿ ಗೊಬ್ಬರದ ಮೂಟೆ ಇರುತ್ತಲ್ಲ, ಹತ್ತು ಹನ್ನೆರಡು ಮೂಟೆ ಹಾಕಿ, ಹಿಂದೆ ಮಾತ್ರ ಅಲ್ಲ ಮುಂದಕ್ಕೂ ಹಂಚಿ ಹಾಕಿ, ಹಿಂದೆ ಮಾತ್ರ ಹಾಕಿದ್ರೆ ಬಾಲ ಕೂತು ಮೂತಿ ಏಳುತ್ತೆ, ಮೊದಲು ತಾಗೋದೇ ಮೂತಿ. ಸ್ಪ್ರಿಂಗ್ ಒಂದೂವರೆ ಇಂಚು ಬಗ್ಗೇ ಬಗ್ಗುತ್ತೆ. ಒಟ್ಟು ಲೆಕ್ಕ ಹಾಕಿ, 4 ಇಂಚು.

ಲಿಂಟಲ್ ತಾಗುತ್ತೋ ಇಲ್ವೋ ಅಂತ ಗಾಡಿ ಕೊಟ್ಟು ನೋಡೋಕೆ ಹೋಗ್ಬೇಡಿ. ಟಿವಿ ಪೆಟ್ಟಿಗೇಲಿ ಬರೋ ಥರ್ಮೊಕೋಲ್ ತುಂಡನ್ನ ಗಾಡಿ ಮೇಲೆ ಅತಿ ಎತ್ತರ ಇರೋ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ, ಒಂದು ಇಂಚು ದಪ್ಪದ್ದು. ಅದು ಮುರಿಯದೇ ಒಳಗೆ ಹೋದ್ರೆ ಗಾಡಿ ಹೋಗುತ್ತೆ.

ಲೆಕ್ಕದಮೇಷ್ಟ್ರು (ಸೋಮವಾರಪೇಟೆ)
ಏಪ್ರಿಲ್ 12

ಸ್ಪ್ಯಾನರ್ ಅವರು ಹೇಳಿದ್ದೆಲ್ಲ ಸಮನೆಲದಲ್ಲಿ ಸರಿ. ಆದ್ರೆ ನೀವು ಕೊನೇಲಿ ಬರೆದ ಸಾಲು ನೋಡಿ ನಿಲ್ಸಿದೆ, ಇಳಿಜಾರು ಅಂದ್ರಲ್ಲ, ಅಲ್ಲಿದೆ ವಿಷಯ.

ಇಳಿಜಾರು ಮುಗಿದು ನೆಲ ಸಮ ಆಗೋ ಜಾಗ ಸರಿಯಾಗಿ ಬಾಗಿಲ ಕೆಳಗಿದೆ ಅಂತ ಇಟ್ಕೊಳಿ. ಮುಂದಿನ ಚಕ್ರ ಒಳಗಿನ ಸಮನೆಲದಲ್ಲಿ, ಹಿಂದಿನ ಚಕ್ರ ಇನ್ನೂ ಮೇಲೆ ಇಳಿಜಾರಲ್ಲಿ. ಆಗ ಗಾಡಿ ಹೊಟ್ಟೆ ಬಾಗಿಲ ನೇರಕ್ಕೆ ನೆಲದಿಂದ ಮೇಲೆದ್ದು ನಿಂತಿರುತ್ತೆ, ಹೊಟ್ಟೆ ಎಷ್ಟು ಎದ್ದಿದ್ಯೋ ತಲೆನೂ ಅಷ್ಟೇ ಎದ್ದಿರುತ್ತೆ. ಗಾಡಿ ನಿಂತಾಗ ಅಳೆದ ಎತ್ತರ ಬೇರೆ, ಬಾಗಿಲು ದಾಟುವಾಗಿನ ಎತ್ತರ ಬೇರೆ.

ಲೆಕ್ಕ ಸುಲಭ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರೋ ದೂರವನ್ನ ಇಳಿಜಾರಿನ ಪ್ರಮಾಣದಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. ಚಕ್ರದಿಂದ ಚಕ್ರಕ್ಕೆ 8 ಅಡಿ, ಅಂದ್ರೆ 96 ಇಂಚು, ಇಳಿಜಾರು 8 ಅಡಿಗೆ 1 ಅಡಿ ಅಂತ ಇದ್ರೆ 96ನ್ನ 8ರಿಂದ ಭಾಗಿಸಿದ್ರೆ 12, ಅದರ ಕಾಲು ಭಾಗ 3. ಮೂರು ಇಂಚು ಜಾಸ್ತಿ ಆಯ್ತು ನೋಡಿ.

ಲೆಕ್ಕ ಬೇಡ ಅಂದ್ರೆ ಹೀಗೆ ಮಾಡಿ. ಚಕ್ರದಿಂದ ಚಕ್ರಕ್ಕೆ ಎಷ್ಟಿದ್ಯೋ ಅಷ್ಟುದ್ದದ ನೆಟ್ಟಗಿರೋ ಜಿಐ ಪೈಪ್ ಒಂದನ್ನ ಅರ್ಧ ಒಳಗೆ ಅರ್ಧ ಹೊರಗೆ ಬರೋ ಹಾಗೆ ನೆಲದ ಮೇಲಿಟ್ಟು, ಲಿಂಟಲ್ ನೇರಕ್ಕೆ ಪೈಪಿನ ಕೆಳಗೆ ಎಷ್ಟು ಸಂದು ಇದೆ ಅಂತ ಟೇಪಲ್ಲಿ ಅಳೀರಿ. ಆ ಸಂದಿಯಷ್ಟು ನಿಮ್ಮ ಗಾಡಿ ಎತ್ತರಕ್ಕೆ ಸೇರ್ಸಿ. ಬಿದಿರು ಬೇಡ, ಬಗ್ಗುತ್ತೆ.

ಕಣದಮನೆ (ಸುಂಟಿಕೊಪ್ಪ)
ಏಪ್ರಿಲ್ 13

ಮೇಷ್ಟ್ರೇ ತುಂಬಾ ಉಪಕಾರ ಆಯ್ತು. ನೀರಾವರಿ ಪೈಪ್ ಒಂದಿತ್ತು, ಇಟ್ಟು ನೋಡ್ದೆ, ಸಂದು ಮೂರೂ ಕಾಲು ಇಂಚು ಬಂತು. ನಾನು ಇಷ್ಟು ದಿನ 3 ಇಂಚಿಗೆ ಒದ್ದಾಡ್ತಾ ಇದ್ದಿದ್ದು, ಇದು ಆರೂ ಕಾಲು ಆಯ್ತು. ಸ್ಪ್ಯಾನರ್ ಅಣ್ಣ ಹೇಳಿದ್ದು ಎಲ್ಲಾ ಮಾಡಿದ್ರೂ 4 ಇಂಚು ಕಮ್ಮಿ ಆಗುತ್ತೆ, ಇನ್ನೂ ಎರಡು ಇಂಚು ಮೇಲೇ ಬೇಕು, ತಾಗದೇ ಹೋಗೋಕೆ ಅಂತ ಸ್ವಲ್ಪ ಬಿಟ್ರೆ ಹತ್ರತ್ರ 4. ಹಂಗಾದ್ರೆ ನೆಲ ಅಗೆಯೋದೇನಾ?

ಸ್ಪ್ಯಾನರ್ (ಗೋಣಿಕೊಪ್ಪ)
ಏಪ್ರಿಲ್ 13

ಇಳಿಜಾರಿನ ವಿಷಯ ನಾನು ಗಮನಿಸ್ಲಿಲ್ಲ ಅಣ್ಣ, ಮೇಷ್ಟ್ರು ಹೇಳಿದ್ದು ಸರಿ. ಇಡೀ ನೆಲ ಅಗೆಯೋದು ಬೇಡ, ಚಕ್ರ ಹೋಗೋ ಜಾಗದಲ್ಲಿ ಮಾತ್ರ ಎರಡು ಕಾಲುವೆ ತರ ಅಗೆದು ಕಾಂಕ್ರೀಟ್ ಹಾಕ್ಸಿ, ಒಂದೂವರೆ ಅಡಿ ಅಗಲ, 6 ಇಂಚು ಆಳ. ಮೈಸೂರಲ್ಲಿ ಒಂದು ಹಳೇ ಗಾಡಿಗೆ ಹಾಗೆ ಮಾಡಿದ್ದು ನಾನೇ ನೋಡಿದೀನಿ, ಚೆನ್ನಾಗಿ ಬಂದಿತ್ತು. ನಡುವೆ ಎತ್ತರ ಇರೋದ್ರಿಂದ ಕೆಳಗೆ ಮಲಗಿ ಕೆಲಸ ಮಾಡೋಕೆ ಮಾತ್ರ ಸ್ವಲ್ಪ ಕಷ್ಟ.

ವೀಕೆಂಡ್‌ರೈಡರ್ (ಬೆಂಗಳೂರು)
ಏಪ್ರಿಲ್ 13

ಬ್ರೋ ಆ ಪಾಪ್‌ಟಾಪ್ ತೆಗೆಸಿ ಒರಿಜಿನಲ್ ತರ ಪ್ಲೇನ್ ರೂಫ್ ಮಾಡ್ಸಿಬಿಡಿ, 5 ಇಂಚು ಹೋಗುತ್ತೆ, ಸಿಂಪಲ್. ಇಲ್ಲ ಗಾಡಿ ತಗ್ಗಿಸೋ ಲೋಯರಿಂಗ್ ಬ್ಲಾಕ್ ಹಾಕ್ಸಿ.

ಕಣದಮನೆ (ಸುಂಟಿಕೊಪ್ಪ)
ಏಪ್ರಿಲ್ 13

ಪಾಪ್‌ಟಾಪ್ ತೆಗೆಯಲ್ಲ ಬ್ರೋ. ಚಿಕ್ಕಪ್ಪ ಕೂತು ಅದರ ಅಳತೆ ತೆಗೆದು, ಕ್ಯಾನ್ವಾಸ್ ಮನೇಲೇ ಚಿಕ್ಕಮ್ಮನ ಹತ್ರ ಹೊಲಿಸಿ ಮಾಡಿದ್ದು. ಮತ್ತೆ ಕೊಡಗಿನ ರಸ್ತೆಗೆ ಗಾಡಿ ತಗ್ಗಿಸಿದ್ರೆ ತೋಟದ ದಾರಿಲಿ ಹೊಟ್ಟೆ ಉಜ್ಜುತ್ತೆ.

ಇಟ್ಟಿಗೆಸಿಮೆಂಟು (ಕುಶಾಲನಗರ)
ಏಪ್ರಿಲ್ 14

ನಾನು ಸಿವಿಲ್ ಇಂಜಿನಿಯರ್, ಹದಿನಾರು ವರ್ಷದಿಂದ ಈ ಜಿಲ್ಲೇಲೇ ಕೆಲಸ ಮಾಡ್ತಿದೀನಿ, ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ದಯವಿಟ್ಟು ನೆಲ ಅಗೆಯೋಕೆ ಕೈ ಹಾಕ್ಬೇಡಿ. ಮೈಸೂರಲ್ಲಿ ನಡೆಯೋದು ಇಲ್ಲಿ ನಡೆಯಲ್ಲ.

ಮೊದಲನೇದು ನೀರು. ಮಡಿಕೇರಿಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಸುಂಟಿಕೊಪ್ಪ ಕಡೆ ಅಷ್ಟಿಲ್ಲ, ಆದ್ರೂ ಕಮ್ಮಿ ಏನಲ್ಲ. ರಸ್ತೆಯಿಂದ ಇಳಿಜಾರು ನೇರ ನಿಮ್ಮ ಬಾಗಿಲಿಗೆ ಬರುತ್ತೆ ಅಂದ್ರೆ ನೀರೂ ಅಲ್ಲಿಗೇ ಬರುತ್ತೆ. ಒಳಗೆ 6 ಇಂಚು ತಗ್ಗು ಮಾಡಿದ್ರೆ ಆ ಎರಡು ಕಾಲುವೆ ನಾಲ್ಕು ತಿಂಗಳು ತೊಟ್ಟಿ ಆಗುತ್ತೆ, ಮೇಲಿಂದ ಬರೋ ನೀರು ನಿಲ್ಲಿಸಿದ್ರೂ ನೆಲದ ಒಳಗಿಂದ ಒಸರು ಬರುತ್ತೆ, ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಅದನ್ನ ಯಾರಿಂದಲೂ ತಡೆಯೋಕೆ ಆಗಲ್ಲ. ಗಾಡಿ ಚಕ್ರ, ಬ್ರೇಕ್ ಡ್ರಮ್ಮು ಸರಿಯಾಗಿ ಅದೇ ನೀರಲ್ಲಿ ನಿಲ್ಲುತ್ತೆ.

ಎರಡನೇದು ಪಾಯ. ಅಜ್ಜನ ಕಾಲದ ಕಲ್ಲಿನ ಶೆಡ್ಡು ಅಂದ್ರಿ, ಅಂಥವಕ್ಕೆ ಪಾಯ ಒಂದೂವರೆ ಅಡಿ ಇದ್ರೂ ಇತ್ತು ಇಲ್ಲದಿದ್ರೂ ಇಲ್ಲ, ಅಗೆದು ನೋಡೋ ತನಕ ಗೊತ್ತಾಗಲ್ಲ. ಪಾಯದ ಪಕ್ಕದ ಮಣ್ಣು ತೆಗೆದು, ಮೇಲೆ ನೀರು ನಿಂತು ಆ ಮಣ್ಣು ಮೆತ್ತಗಾದ್ರೆ ಗೋಡೆ ಕೂರುತ್ತೆ. ಹೊರಗಿನ ಇಳಿಜಾರನ್ನೇ ಕಡಿದು ಸಮ ಮಾಡ್ಸೋಣ ಅಂತ ಯಾರಾದ್ರೂ ಹೇಳಬಹುದು, ಅದಂತೂ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯ್ತು ಅಂತ ಇಲ್ಲಿ ಯಾರಿಗೂ ನಾನು ಹೇಳ್ಬೇಕಾಗಿಲ್ಲ. ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಣ್ಣೆ, ಅದರ ಬುಡ ಕಡಿದು ಜಾಗ ಸಮ ಮಾಡಿದ ಮೇಲೆ ಮಳೆ ನೀರು ಹಿಂದಿಂದ ಇಳಿದು ಆ ಬರೆ ಜರಿಯೋದು ನಾನು ಆಮೇಲೂ ಎಷ್ಟೋ ಕಡೆ ನೋಡಿದೀನಿ. ಗಾಡಿಗೋಸ್ಕರ ಬರೆಗೆ ಕೈ ಹಾಕ್ಬೇಡಿ.

ಈಗ ನನ್ನ ಪ್ರಶ್ನೆ. ಶಟರ್ ಉದ್ದದ ಗೋಡೆಗಿದೆ ಅಂದ್ರಿ. ಹೆಂಚಿನ ಮಾಡು ಅತಿ ತಗ್ಗು ಇರೋದೇ ಅಲ್ಲಿ, ನೀರು ಇಳಿಯೋ ಕಡೆ. 24 ಅಡಿ ಉದ್ದದ ಶೆಡ್ಡಿಗೆ ಎರಡು ತುದೀಲಿ ತ್ರಿಕೋನ ಗೋಡೆ ಇರ್ಬೇಕಲ್ಲ, ಅದರಾಚೆ ಏನಿದೆ? ಒಳಗೆ ಅಡ್ಡ ತೊಲೆಗಳು ನೆಲದಿಂದ ಎಷ್ಟು ಎತ್ತರದಲ್ಲಿದೆ, ಒಂದರಿಂದ ಒಂದಕ್ಕೆ ಎಷ್ಟು ದೂರ? ಆಗೋದಾದ್ರೆ ಫೋಟೋ ಹಾಕಿ.

ಕಣದಮನೆ (ಸುಂಟಿಕೊಪ್ಪ)
ಏಪ್ರಿಲ್ 14

ಅಕ್ಕ, ಒಂದು ತುದಿಲಿ ಬರೆ ಇದೆ, ಅಲ್ಲಿ ಏನೂ ಆಗಲ್ಲ. ಇನ್ನೊಂದು ತುದಿ ಕಾಫಿ ಕಣಕ್ಕೆ ತಾಗಿದೆ, ಆ ಗೋಡೆ ಪಕ್ಕ ಸೌದೆ ಪೇರಿಸಿದೀವಿ, ಹಳೇ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಮಿಷನ್) ಇಟ್ಟಿದೀವಿ. ನಾನು ಹುಟ್ಟಿದಾಗಿಂದ ಅಲ್ಲಿ ಸೌದೆನೇ ನೋಡಿದ್ದು, ಆ ಕಡೆಯಿಂದ ಬಾಗಿಲು ಅನ್ನೋ ಯೋಚನೆನೇ ಬಂದಿರ್ಲಿಲ್ಲ. ಕಣ ಸಮ ಇದೆ, ಶೆಡ್ಡಿನ ನೆಲಕ್ಕೂ ಕಣಕ್ಕೂ ಒಂದೇ ಮಟ್ಟ. ಅಡ್ಡ ತೊಲೆ ನೆಲದಿಂದ ಸರಿಯಾಗಿ 8 ಅಡಿ, ಒಟ್ಟು ಎರಡು, ಮಧ್ಯೆ 8 ಅಡಿ ಖಾಲಿ. ಮೇಲೆ ಹೆಂಚಿನ ನೆತ್ತಿ 13 ಅಡಿ ಹತ್ರ ಇದೆ. ಫೋಟೋ ಹಾಕಿದೀನಿ.

ಇಟ್ಟಿಗೆಸಿಮೆಂಟು (ಕುಶಾಲನಗರ)
ಏಪ್ರಿಲ್ 14

ಫೋಟೋ ನೋಡ್ದೆ. ನಿಮ್ಮ ಬಾಗಿಲು ಅಲ್ಲೇ ಇದೆ ನೋಡಿ.

ಕಣದ ಕಡೆ ಇಳಿಜಾರೇ ಇಲ್ಲ, ಹಾಗಾಗಿ ಮೇಷ್ಟ್ರು ಹೇಳಿದ ಮೂರೂ ಕಾಲು ಇಂಚು ಪೂರ್ತಿ ಹೋಯ್ತು. ಗಾಡಿ 7 ಅಡಿ 8, ಅಡ್ಡ ತೊಲೆ 8 ಅಡಿ, 4 ಇಂಚು ಸಂದು ಸಿಗುತ್ತೆ, ಫ್ಯಾನ್ ಡೂಮ್ ಬಿಚ್ಚಿದ್ರೆ ಇನ್ನೂ ಒಂದೂವರೆ. ಅಡ್ಡ ತೊಲೆ ಮಾತ್ರ ಯಾವ ಕಾರಣಕ್ಕೂ ಕಡಿಬೇಡಿ, ಎತ್ತರಿಸ್ಬೇಡಿ. ಹೆಂಚಿನ ಭಾರ ಎರಡೂ ಕಡೆ ಗೋಡೆಯನ್ನ ಹೊರಕ್ಕೆ ತಳ್ತಾ ಇರುತ್ತೆ, ಅದನ್ನ ಎಳೆದು ಹಿಡ್ಕೊಂಡಿರೋದೇ ಆ ತೊಲೆ. ಬಡಗಿಗಳು ಕೆಲವ್ರು ಏನಾಗಲ್ಲ ಅಂತ ಕಡಿದುಕೊಡ್ತಾರೆ, ಎರಡು ಮಳೆಗಾಲ ಆದ್ಮೇಲೆ ಗೋಡೆ ಹೊಟ್ಟೆ ಉಬ್ಬುತ್ತೆ.

ತ್ರಿಕೋನ ಗೋಡೆ ಒಡೆಯೋದೂ ಸುಮ್ನೆ ಸುತ್ತಿಗೆ ತಗೊಂಡು ಶುರು ಮಾಡೋ ಕೆಲಸ ಅಲ್ಲ. ನೆತ್ತಿಯ ನಡುತೊಲೆ ಆ ಗೋಡೆ ಮೇಲೇ ಕೂತಿರುತ್ತೆ. ಮೊದಲು ಒಳಗಡೆಯಿಂದ ಅದಕ್ಕೆ ಊರುಗೋಲು ಕೊಡ್ಬೇಕು, ಕೆಳಗೆ ಹಲಗೆ ಹಾಕಿ. ಆಮೇಲೆ ಲಿಂಟಲ್ ಬರೋ ಎತ್ತರದಲ್ಲಿ ಗೋಡೆಗೆ ಅಲ್ಲಲ್ಲಿ ತೂತು ಹೊಡೆದು ಅಡ್ಡ ಬೀಮು ತೂರಿಸಿ ಎರಡೂ ಕಡೆ ಜಾಕಿ ಕೊಟ್ಟು ಮೇಲಿನ ಕಲ್ಲಿನ ಭಾರ ಹಿಡಿದು, ಆಮೇಲೇ ಕೆಳಗಿನ ಕಲ್ಲು ಬಿಚ್ಚೋದು, ಮೇಲಿಂದ ಕೆಳಕ್ಕೆ. ಕಾಂಕ್ರೀಟ್ ಲಿಂಟಲ್ ಹಾಕಿದ್ರೆ ಮೂರು ವಾರ ಕ್ಯೂರಿಂಗ್ ಬೇಕು, ನಿಮಗೆ ಸಮಯ ಇಲ್ಲ, ಅದಕ್ಕೆ ಕಬ್ಬಿಣದ ಐ ಬೀಮು ಎರಡು ಜೋಡಿಸಿ ಹಾಕ್ಸಿ, ಗೋಡೆ ದಪ್ಪ ಇದೆಯಲ್ಲ ಒಂದು ಸಾಲಲ್ಲ. ಎರಡೂ ಕಡೆ ಗೋಡೆ ಮೇಲೆ ಒಂದೊಂದು ಅಡಿಯಾದ್ರೂ ಕೂರಬೇಕು, ಕೆಳಗೆ ಕಾಂಕ್ರೀಟ್ ಮೆತ್ತೆ ಕೊಟ್ಟು. ಬೀಮಿನ ಕೆಳ ಅಂಚು 8 ಅಡಿ 2 ಇಂಚಿಗೆ ಬರ್ಲಿ. ಎಷ್ಟು ದಪ್ಪದ ಬೀಮು ಅಂತ ಇಲ್ಲಿಂದಲೇ ಹೇಳೋಕೆ ನನಗೆ ಮನಸ್ಸಿಲ್ಲ, ಹತ್ರದ ಇಂಜಿನಿಯರ್ ಒಬ್ರನ್ನ ಕರೆಸಿ ಗೋಡೆ ತೋರ್ಸಿ.

ಅಲ್ಲಿಗೆ ಶಟರ್ ಹಾಕ್ಬೇಡಿ. ಶಟರ್ ಸುತ್ತಿಕೊಳ್ಳೋ ಡಬ್ಬ ಲಿಂಟಲ್ ಕೆಳಗೆ ಇಳಿದ್ರೆ ಒಂದಡಿ ಅದೇ ತಿನ್ನುತ್ತೆ. ಹೊರಕ್ಕೆ ತೆರೆಯೋ ಎರಡು ಮರದ ಬಾಗಿಲು ಸಾಕು.

ಸಂಪಾಜೆಘಾಟಿ (ಸಂಪಾಜೆ)
ಏಪ್ರಿಲ್ 15

ಮಾರಾಯ್ರೆ, ಇಷ್ಟು ಓದಿದ ಮೇಲೆ ನನಗೂ ಒಂದೆರಡು ಮಾತು ಹೇಳ್ಲಿಕ್ಕುಂಟು. ನನ್ನ ಹತ್ರ ಹಳೇ ಜೀಪುಂಟು, ಘಾಟಿಯ ಬುಡದಲ್ಲಿ ಮನೆ, ನಮ್ಮಲ್ಲಿ ಮಳೆ ಅಂದ್ರೆ ಏನೂಂತ ಹೇಳುದು ಬೇಡ. ಅದನ್ನ ನಾಲ್ಕೂ ಕಡೆ ಗೋಡೆ ಇರೋ ಗರಾಜಲ್ಲಿ ಬಾಗಿಲು ಮುಚ್ಚಿ ಮೇಲಿಂದ ಕವರ್ ಬೇರೆ ಹಾಕಿ ಇಟ್ಟಿದ್ದೆ, ಚಂದ ಇರ್ತದೆ ಅಂತ. ಹೊರಗೆ ಚಪ್ಪರದ ಕೆಳಗೆ ನಿಂತಿದ್ದ ತಮ್ಮನ ಜೀಪಿಗಿಂತ ನನ್ನದೇ ಜಾಸ್ತಿ ತುಕ್ಕು ಹಿಡೀತು. ಯಾಕೆ ಅಂದ್ರೆ ಗಾಳಿ ಇಲ್ಲ. ಒಳಗಿನ ತೇವ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ರಾತ್ರಿ ತಣ್ಣಗಾದಾಗ ತಗಡಿನ ಮೇಲೆ ಬೆವರಿದ ಹಾಗೆ ನೀರು ಕೂರ್ತದೆ, ಪ್ಲಾಸ್ಟಿಕ್ ಕವರು ಅದನ್ನ ಹಿಡಿದಿಟ್ಕೊಳ್ತದೆ.

ಹಾಗಾಗಿ ಬಾಗಿಲು ಮಾಡುವಾಗ ಕೆಳಗೆ ಅರ್ಧ ಅಡಿ, ಮೇಲೆ ಅರ್ಧ ಅಡಿ ಜಾಲರಿ ಇಡಿ. ಹಳೇ ಶಟರ್ ಕಡೆಯೂ ಪೂರ್ತಿ ಗೋಡೆ ಕಟ್ಟಿ ಮುಚ್ಚಬೇಡಿ, ಗಾಳಿ ಆ ಕಡೆಯಿಂದ ಈ ಕಡೆ ಆಡ್ಲಿ. ಜಾಲರಿ ಕಣ್ಣು ಸಣ್ಣದಿರ್ಲಿ, ಇಲಿ ಬರಬಾರದು. ಇಲಿ ವಯರಿಂಗ್ ತಿಂದ್ರೆ ತುಕ್ಕಿಗಿಂತ ದೊಡ್ಡ ತಲೆನೋವು.

ಮತ್ತೆ ನಿಮ್ಮ ಕ್ಯಾನ್ವಾಸ್. ಬೂಸ್ಟು ಬಂದದ್ದು ಮಳೆ ನೀರು ಬಿದ್ದು ಮಾತ್ರ ಅಲ್ಲ, ಮಡಚಿ ಮುಚ್ಚಿಟ್ಟದ್ದಕ್ಕೆ. ತಗ್ಗು ಗರಾಜಿಗೆ ಹೇಗೋ ನುಗ್ಗಿಸಿ ಇಟ್ಟಿದ್ರೆ ನಾಲ್ಕು ತಿಂಗಳು ಪಾಪ್‌ಟಾಪ್ ಎತ್ತಲಿಕ್ಕೆ ಆಗ್ತಿರ್ಲಿಲ್ಲ, ಅಲ್ಲಿಯೂ ಬೂಸ್ಟೇ. ಈಗ ನೋಡಿ, ಎರಡು ತೊಲೆ ಮಧ್ಯೆ 8 ಅಡಿ ಖಾಲಿ ಉಂಟು, ನೆತ್ತಿ 13 ಅಡಿ ಉಂಟು ಅಂತ ನೀವೇ ಹೇಳಿದ್ದೀರಿ. ಪಾಪ್‌ಟಾಪ್ ಸರಿಯಾಗಿ ಆ ಎಡೆಯಲ್ಲಿ ಬರೋ ಹಾಗೆ ನಿಲ್ಸಿದ್ರೆ ಒಳಗೇ ಎತ್ತಿ ಒಣಗಿಸ್ಬಹುದಲ್ಲ?

ಕಣದಮನೆ (ಸುಂಟಿಕೊಪ್ಪ)
ಏಪ್ರಿಲ್ 15

ಸಂಪಾಜೆಯವ್ರೇ, ಓದಿದ ತಕ್ಷಣ ಟೇಪ್ ಹಿಡ್ಕೊಂಡು ಓಡ್ದೆ. ಪಾಪ್‌ಟಾಪ್ ಉದ್ದ 6 ಅಡಿ 10 ಇಂಚು. ಪೂರ್ತಿ ಎತ್ತಿದ್ರೆ ನೆಲದಿಂದ 10 ಅಡಿ 3 ಇಂಚು. ಹಿಡಿಸುತ್ತೆ! ಶೆಡ್ಡಿನ ನಡುವಿಗೆ ಸರಿಯಾಗಿ ನಿಲ್ಲಿಸ್ಬೇಕು ಅಷ್ಟೇ, ಪಕ್ಕಕ್ಕೆ ಹೋದ್ರೆ ಪಕ್ಕಾಸು ತಾಗುತ್ತೆ. ಇಷ್ಟು ದಿನ ಗಾಡಿ ಒಳಗೆ ಹೋದ್ರೆ ಸಾಕು ಅಂದ್ಕೊಂಡಿದ್ದೆ, ಒಳಗೆ ಎತ್ತಿ ಇಡಬಹುದು ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.

ಇಂಜಿನಿಯರ್ ಅಕ್ಕ, ನಾಳೆನೇ ಇಲ್ಲಿನ ಒಬ್ರಿಗೆ ಫೋನ್ ಮಾಡ್ತೀನಿ.

ಸ್ಪ್ಯಾನರ್ (ಗೋಣಿಕೊಪ್ಪ)
ಏಪ್ರಿಲ್ 16

ಅಕ್ಕ ಹೇಳಿದ್ದು ಒಪ್ಪಿದೆ, ಕಾಲುವೆ ಮಾತು ವಾಪಸ್ ತಗೋತೀನಿ. ನಾನು ಗಾಡಿ ಕಡೆಯಿಂದ ಮಾತ್ರ ಯೋಚನೆ ಮಾಡ್ತಿದ್ದೆ.

ಮಳೆಗಾಲಕ್ಕೆ ನಿಲ್ಲಿಸುವಾಗ ಇಷ್ಟು ಮಾಡಿ ಅಣ್ಣ. ಡೀಸೆಲ್ ಟ್ಯಾಂಕ್ ತುಂಬ ತುಂಬಿಸಿ, ಖಾಲಿ ಜಾಗ ಇದ್ರೆ ಒಳಗೆ ನೀರು ಕೂರುತ್ತೆ, ಆಮೇಲೆ ಪಂಪಿಗೆ ಏಟು. ಹ್ಯಾಂಡ್‌ಬ್ರೇಕ್ ಎಳೆದು ಬಿಡ್ಬೇಡಿ, ಲೈನರ್ ಡ್ರಮ್ಮಿಗೆ ಅಂಟ್ಕೊಂಡುಬಿಡುತ್ತೆ, ಗೇರಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿ. ತಿಂಗಳಿಗೊಂದ್ಸಲ ಸ್ಟಾರ್ಟ್ ಮಾಡಿದ್ರೆ ಐದು ನಿಮಿಷಕ್ಕೆ ಆಫ್ ಮಾಡೋದಲ್ಲ, ಎಂಜಿನ್ ಪೂರ್ತಿ ಬಿಸಿ ಆಗೋ ತನಕ ಓಡ್ಸಿ, ಇಲ್ಲಾಂದ್ರೆ ಸೈಲೆನ್ಸರ್ ಒಳಗೆ ನೀರು ನಿಂತು ಅದೇ ತುಕ್ಕು. ಬಾಗಿಲು ಎರಡೂ ತೆರೆದಿಟ್ಟು ಓಡ್ಸಿ, ಹೊಗೆ ಒಳಗೆ ನಿಲ್ಲಬಾರದು, ಅದು ಪ್ರಾಣಕ್ಕೇ ಅಪಾಯ. ಚಾಸಿಗೆ ಹಳೇ ಎಂಜಿನ್ ಆಯಿಲ್ ಹೊಡೆಯೋ ಅಭ್ಯಾಸ ಇದೆ ನಮ್ಮಲ್ಲಿ, ರಬ್ಬರ್ ಬುಷ್‌ಗಳಿಗೆ ತಾಗದ ಹಾಗೆ ನೋಡ್ಕೊಳಿ, ಆಯಿಲ್ ತಾಗಿದ್ರೆ ಉಬ್ಬಿ ಹಾಳಾಗುತ್ತೆ.

ನಿಮ್ಮದ್ರಲ್ಲಿ ಒಎಂ 616 ಎಂಜಿನ್ ಇದ್ರೆ ಚಿಂತೆ ಬೇಡ, ಟ್ರ್ಯಾಕ್ಸ್‌ಗೂ ಹಳೇ ಟ್ರಾವೆಲರ್‌ಗೂ ಬಂದಿದ್ದು ಅದೇ, ಸಾಮಾನು ಸಿಗುತ್ತೆ. ಬಾಡಿ ಸಾಮಾನೇ ಸಿಗದಿರೋದು, ಅದಕ್ಕೇ ತಗಡು ಉಳಿಸ್ಕೊಳೋದು ಮುಖ್ಯ.

ಲೆಕ್ಕದಮೇಷ್ಟ್ರು (ಸೋಮವಾರಪೇಟೆ)
ಏಪ್ರಿಲ್ 16

ಒಂದು ಸಣ್ಣ ವಿಷಯ ಸೇರಿಸ್ತೀನಿ. ಕಣದಿಂದ ಒಳಗೆ ಮೂತಿ ಮುಂದೆ ಮಾಡಿ ಹೋಗ್ತೀರೋ ಹಿಂದಕ್ಕೆ ಹೋಗ್ತೀರೋ ನಿಮ್ಮಿಷ್ಟ, ಅಲ್ಲಿ ಸಮ ಇದೆ. ಆದ್ರೆ ಕಣದಿಂದ ರಸ್ತೆಗೆ ಹತ್ತೋ ದಾರಿ ಹೇಗಿದೆ? ಮ್ಯಾಟಡಾರ್ ಮುಂದಿನ ಚಕ್ರ ಎಳೆಯೋ ಗಾಡಿ. ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತೆ, ಮುಂದಿನ ಚಕ್ರ ಹಗುರ ಆಗುತ್ತೆ, ಪಾಚಿ ಕಟ್ಟಿದ ಕಾಂಕ್ರೀಟ್ ಮೇಲೆ ಅದು ಸುಮ್ನೆ ತಿರುಗುತ್ತೆ. ಅಂಥ ಏರಿಗೆ ರಿವರ್ಸಲ್ಲಿ ಹತ್ತಿಸಿದ್ರೆ ಭಾರ ಎಳೆಯೋ ಚಕ್ರದ ಮೇಲೆ ಬರುತ್ತೆ, ಆರಾಮಾಗಿ ಹತ್ತುತ್ತೆ. ಕಾಂಕ್ರೀಟ್ ಹೊಸದಾಗಿ ಹಾಕ್ಸೋದಿದ್ರೆ ಹಸಿ ಇರುವಾಗ್ಲೇ ಅಡ್ಡಕ್ಕೆ ಗೀರು ಹಾಕ್ಸಿ.

ಕಣದಮನೆ (ಸುಂಟಿಕೊಪ್ಪ)
ಮೇ 24

ಎಲ್ರಿಗೂ ನಮಸ್ಕಾರ, ತಡವಾಗಿ ಬರೀತಿದೀನಿ. ಕೆಲಸ ಮುಗೀತು.

ಇಂಜಿನಿಯರ್ ಬಂದು ನೋಡಿ ಅಕ್ಕ ಹೇಳಿದ್ದೇ ಹೇಳಿದ್ರು. ಗೋಡೆ ಪಕ್ಕ ಒಂದು ಗುಂಡಿ ತೆಗೆಸಿ ನೋಡಿದಾಗ ಪಾಯ ಒಂದು ಅಡಿ ಎರಡು ಇಂಚು ಮಾತ್ರ ಇತ್ತು. ನೆಲ ಅಗೆದಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡಿದ್ರೆ ಈಗ್ಲೂ ಎದೆ ಡವಡವ ಅನ್ನುತ್ತೆ. ಊರುಗೋಲು ಕೊಟ್ಟು, ಬೀಮು ತೂರಿಸಿ ಹಿಡಿದು, ಕಲ್ಲು ಬಿಚ್ಚೋಕೆ ಮೂರು ದಿನ ಆಯ್ತು. ಐ ಬೀಮು ಕೂರಿಸೋ ದಿನ ಸಾಯಂಕಾಲ ಗುಡುಗು ಮಳೆ ಬಂತು, ಹೆಂಚು ಕೆಲವು ಬಿಚ್ಚಿದ್ವು, ಎಲ್ರೂ ಟಾರ್ಪಲ್ ಹಿಡ್ಕೊಂಡು ಮೇಲೆ ಹತ್ತಿದ್ವಿ, ಮೇಸ್ತ್ರಿ ಮಾತ್ರ ಒಂದು ಕಲ್ಲೂ ಅಲ್ಲಾಡ್ದಂಗೆ ಕೆಲಸ ಮಾಡಿಕೊಟ್ರು. ಬಿಚ್ಚಿದ ಕಲ್ಲಲ್ಲೇ ಶಟರ್ ಕಡೆ ಸೊಂಟದ ಎತ್ತರಕ್ಕೆ ಕಟ್ಟಿ ಮೇಲೆ ಜಾಲರಿ ಹಾಕ್ಸಿದೆ. ಬಾಗಿಲಿಗೆ ತೋಟದ ಸಿಲ್ವರ್ ಮರನೇ ಸಾಕಾಯ್ತು.

ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಥರ್ಮೊಕೋಲ್ ಅಂಟಿಸಿ ಒಳಗೆ ಬಿಟ್ಟೆ. ಮೊದಲ ಸಲ ಹಿಂದಿನ ಮೂಲೆದು ಮುರೀತು! ಇಳಿದು ನೋಡಿದ್ರೆ ಮೊದಲ ತೊಲೆ ಒಂದು ಕಡೆ ಬಾಗಿ ಸಾಕಷ್ಟು ಕೆಳಗಿತ್ತು, ನಾನು ಇನ್ನೊಂದು ತುದೀಲಿ ಮಾತ್ರ ಅಳೆದಿದ್ದೆ. ಫ್ಯಾನ್ ಡೂಮ್ ಬಿಚ್ಚಿ, ಟೈರ್ ಗಾಳಿ ಸ್ವಲ್ಪ ಇಳಿಸಿ ಎರಡನೇ ಸಲ ಬಿಟ್ಟಾಗ ಹೋಯ್ತು. ಒಳಗೆ ಹೋದ್ಮೇಲೆ ಗಾಳಿ ತುಂಬಿಸ್ದೆ. ಹಾಗಾಗಿ ಬೇರೆ ಯಾರಾದ್ರೂ ಅಳೆಯೋದಿದ್ರೆ ತೊಲೆಯ ಎರಡೂ ತುದಿ, ನಡುವೆ, ಎಲ್ಲಾ ಅಳೀರಿ.

ಆಮೇಲೆ ಪಾಪ್‌ಟಾಪ್ ಎತ್ತಿದೆ. ಎರಡು ತೊಲೆ ಮಧ್ಯೆ, ಆ ಕಡೆ ಏಳಿಂಚು ಈ ಕಡೆ ಏಳಿಂಚು ಬಿಟ್ಟು ನೆಟ್ಟಗೆ ನಿಂತಿತು. ಚಿಕ್ಕಮ್ಮ ಬಂದು ನೋಡಿದ್ರು, ಕ್ಯಾನ್ವಾಸ್ ಮುಟ್ಟಿ ಹೊಲಿಗೆ ಎಲ್ಲೆಲ್ಲಿ ಬಿಟ್ಟಿದೆ ಅಂತ ನೋಡಿ, ಬೂಸ್ಟಿನ ಕಲೆ ಹೋಗಲ್ಲ ಆದ್ರೆ ಬಟ್ಟೆ ಗಟ್ಟಿ ಇದೆ, ಹೊಲಿದು ಕೊಡ್ತೀನಿ ಅಂದ್ರು.

ಮೇಷ್ಟ್ರೇ, ಕಣದಿಂದ ರಸ್ತೆಗೆ ಸಣ್ಣ ಏರಿದೆ, ರಿವರ್ಸಲ್ಲಿ ಹತ್ತಿಸಿ ನೋಡ್ದೆ, ನೀವು ಹೇಳಿದ ಹಾಗೆ ಒಂದು ಸಲನೂ ಚಕ್ರ ಜಾರ್ಲಿಲ್ಲ. ಈಗ ಉಳಿದಿರೋದು ಬಾಗಿಲ ಕೆಳಗಿನ ಜಾಲರಿ, ನಾಳೆ ಕುಶಾಲನಗರಕ್ಕೆ ಹೋಗಿ ಸಣ್ಣ ಕಣ್ಣಿಂದು ತರ್ತೀನಿ. ನಿನ್ನೆ ರಾತ್ರಿ ಸೌದೆ ತೆಗೆದ ಜಾಗದಿಂದ ಎರಡು ಇಲಿ ಓಡಿದ್ದು ನೋಡ್ದೆ.